ಐದು ವರ್ಷದ ಗೋರಿ

ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾದ ದೊಡ್ಡ ಸ್ಮಶಾನಗಳಲ್ಲಿ ಬಡವರ ಹೆಣ ಮಣ್ಣಿಗೆ ಹೋಗುವುದು ಕಡಿಮೆ, ಗೋಡೆಗೆ ಹೋಗುವುದೇ ಹೆಚ್ಚು. ಸಿಮೆಂಟು ಇಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೂಡುಗಳು. ಒಂದೊಂದರ ಬಾಯಿಯೂ ಒಂದು ಶವಪೆಟ್ಟಿಗೆ ತೂರುವಷ್ಟೇ ಅಗಲ. ಪೆಟ್ಟಿಗೆ ಒಳಗೆ ಹೋದ ಮೇಲೆ ಬಾಯಿಗೆ ಸಿಮೆಂಟು ಮೆತ್ತುತ್ತಾರೆ. ಕೈಯಲ್ಲಿ ಕಾಸಿದ್ದವರು ಹೆಸರು ಕೆತ್ತಿದ ಕಲ್ಲು ಕೂರಿಸುತ್ತಾರೆ. ಇಲ್ಲದವರು ಸಿಮೆಂಟು ಹಸಿಯಿರುವಾಗಲೇ ಮೊಳೆಯಲ್ಲೋ ಕಡ್ಡಿಯಲ್ಲೋ ಹೆಸರು ಗೀಚುತ್ತಾರೆ. ಊರಿನವರು ಈ ಗೋಡೆಗಳನ್ನು ಕರೆಯುವುದು 'ಅಪಾರ್ಟ್‌ಮೆಂಟ್' ಅಂತ. ಹೆಸರಿಗೆ ತಕ್ಕಂತೆ ಬಾಡಿಗೆಯೂ ಇದೆ, ಅವಧಿಯೂ ಇದೆ. ಸಾಮಾನ್ಯವಾಗಿ ಐದು ವರ್ಷ.

ಐದು ವರ್ಷ ತುಂಬಿದ ಮೇಲೆ ಮನೆಯವರು ಬಂದು ಮತ್ತೆ ದುಡ್ಡು ಕಟ್ಟಬೇಕು, ಇಲ್ಲವೇ ಎಲುಬು ಎತ್ತಿಕೊಂಡು ಹೋಗಬೇಕು. ಯಾರೂ ಬಾರದಿದ್ದರೆ ಸ್ಮಶಾನದ ಆಳು ಸುತ್ತಿಗೆ ಹಿಡಿದು ಬರುತ್ತಾನೆ. ನಾಲ್ಕು ಏಟಿಗೆ ಸಿಮೆಂಟು ಉದುರುತ್ತದೆ. ಅಗ್ಗದ ಮರದ ಪೆಟ್ಟಿಗೆ ಅಷ್ಟರಲ್ಲಿ ತಾನೇ ಕುಸಿದಿರುತ್ತದೆ. ಬುರುಡೆ, ತೊಡೆಮೂಳೆ, ಪಕ್ಕೆಲುಬು, ಕೊಳೆಯದೆ ಉಳಿದ ನೈಲಾನ್ ಅಂಗಿ ಎಲ್ಲವೂ ಒಂದು ಚೀಲಕ್ಕೆ. ಚೀಲದ ಮೇಲೆ ಹೆಸರು ಬರೆದರೆ ಅದೃಷ್ಟ. ಗೂಡು ತೊಳೆದು ಸುಣ್ಣ ಬಳಿದರೆ ಹೊಸ ಬಾಡಿಗೆದಾರರಿಗೆ ಸಿದ್ಧ.

2021ರಲ್ಲಿ ಈ ಸುತ್ತಿಗೆಯ ಸದ್ದಿಗೆ ಬೇರೆಯದೇ ಅರ್ಥ ಬಂತು. 2016ರ ಜುಲೈಯಿಂದ ಆಗಿನ ರಾಷ್ಟ್ರಪತಿ ರೊಡ್ರಿಗೊ ದುತೆರ್ತೆಯ ಸರ್ಕಾರ ಮಾದಕವಸ್ತುಗಳ ವಿರುದ್ಧ ನಡೆಸಿದ ಸಮರದಲ್ಲಿ ಗುಂಡೇಟಿಗೆ ಸತ್ತವರಲ್ಲಿ ಬಹುಪಾಲು ಮಂದಿ ಕೊಳೆಗೇರಿಯವರು. ಅವರೆಲ್ಲ ಹೋಗಿ ಸೇರಿದ್ದು ಇಂಥ ಐದು ವರ್ಷದ ಗೂಡುಗಳಿಗೆ. ಗಡುವು ಒಂದೊಂದಾಗಿ ತೀರತೊಡಗಿದಾಗ ಮನೆಯವರ ಬಳಿ ಮತ್ತೆ ಕಟ್ಟಲು ದುಡ್ಡಿರಲಿಲ್ಲ. ಫಾದರ್ ಫ್ಲಾವಿಯಾನೊ ವಿಲ್ಯಾನುಯೆವಾ ಎಂಬ ಪಾದ್ರಿ ಆ ಕುಟುಂಬಗಳನ್ನು ಜತೆ ಮಾಡಿಕೊಂಡು, ಚೀಲಕ್ಕೆ ಬೀಳುವ ಮೊದಲೇ ಎಲುಬುಗಳನ್ನು ಹೊರತೆಗೆಸತೊಡಗಿದರು. ಹೊರಬಂದ ಎಲುಬುಗಳು ಮಾತಾಡಿದವು. ಮರಣಪತ್ರದಲ್ಲಿ 'ನ್ಯುಮೋನಿಯ' ಅಂತಿದ್ದವನ ಬುರುಡೆಯಲ್ಲಿ ಗುಂಡಿನ ತೂತಿತ್ತು.

ಸತ್ತವರನ್ನು ಹೀಗೆ ಬಾಡಿಗೆದಾರರನ್ನಾಗಿ ಮಾಡಿದ್ದು ಏನು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಮನಿಲಾದಲ್ಲಿ ಜಾಗ ಇಲ್ಲ. ಅದು ಅರ್ಧ ಸತ್ಯ. ಮನಿಲಾದಲ್ಲಿ ಜಾಗ ಧಾರಾಳವಾಗಿದ್ದ ಕಾಲದಲ್ಲೂ ಹೆಣಕ್ಕೆ ಅವಧಿ ಕಟ್ಟುವ ಪದ್ಧತಿ ಇತ್ತು. ಅದರ ಬೇರು ಫಿಲಿಪ್ಪೀನ್ಸನ್ನು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿದ ಸ್ಪೇನಿನ ಆಡಳಿತದಲ್ಲಿದೆ. ಗೋರಿ ಎಂದರೆ ಅಲ್ಲಿ ದುಡ್ಡು ಕಟ್ಟಿ ಪಡೆಯುವ ಅನುಮತಿಯಾಗಿತ್ತು. ಕೊಟ್ಟವರು ವಾಪಸ್ ತೆಗೆದುಕೊಳ್ಳಲೂಬಹುದಿತ್ತು.

ಎಲುಬು ಹೊರತೆಗೆಯುವುದು ಆ ದ್ವೀಪಗಳಿಗೆ ಸ್ಪೇನಿನವರು ತಂದ ಪದ್ಧತಿಯೇನಲ್ಲ. ಪಲಾವಾನ್ ದ್ವೀಪದ ಮನುಂಗುಲ್ ಗುಹೆಯಲ್ಲಿ 1964ರಲ್ಲಿ ಒಂದು ಮಣ್ಣಿನ ಗಡಿಗೆ ಸಿಕ್ಕಿತು. ಕ್ರಿ.ಪೂ. 890ರಿಂದ 710ರ ನಡುವಿನದು ಎಂದು ಅದರ ಕಾಲ ಗುರುತಿಸಿದ್ದಾರೆ. ಅದು ಎಲುಬಿನ ಗಡಿಗೆ. ಹೆಣವನ್ನು ಮೊದಲು ಒಂದೆಡೆ ಇಟ್ಟು, ಮಾಂಸ ಕರಗಿದ ಮೇಲೆ ಎಲುಬು ಆರಿಸಿ, ಕೆಂಪು ಕಾವಿ ಬಳಿದು ಗಡಿಗೆಯಲ್ಲಿ ತುಂಬಿಡುತ್ತಿದ್ದರು. ಮುಚ್ಚಳದ ಮೇಲೊಂದು ದೋಣಿ, ದೋಣಿಯಲ್ಲಿ ಇಬ್ಬರು. ಮುಂದೆ ಕುಳಿತವನು ಎದೆಯ ಮೇಲೆ ಕೈಕಟ್ಟಿಕೊಂಡಿದ್ದಾನೆ, ಅವನೇ ಸತ್ತವನು. ಹಿಂದಿನವನು ಹುಟ್ಟು ಹಾಕುತ್ತಿದ್ದಾನೆ. ಅವನ ಕೈಯಲ್ಲಿದ್ದ ಹುಟ್ಟು ಮಾತ್ರ ಎಲ್ಲೋ ಕಳೆದುಹೋಗಿದೆ, ಹಿಡಿದ ಭಂಗಿಯಷ್ಟೇ ಉಳಿದಿದೆ. ಮನಿಲಾ ಇರುವ ಲುಸೋನ್ ದ್ವೀಪದ ಉತ್ತರದ ಬೆಟ್ಟಗಳಲ್ಲಿ ಸ್ಪೇನಿನವರ ಕೈ ಕೊನೆಯವರೆಗೂ ಸರಿಯಾಗಿ ಕೂರಲಿಲ್ಲ. ಅಲ್ಲಿನ ಇಫುಗಾವೊ ಜನ ಇವತ್ತಿಗೂ 'ಬೊಗ್ವ' ಎಂಬ ವಿಧಿ ನಡೆಸುತ್ತಾರೆ: ಹಿರಿಯರ ಎಲುಬು ಹೊರತೆಗೆದು, ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ, ಊರಿಗೆಲ್ಲ ಊಟ ಹಾಕಿ, ಮತ್ತೆ ಗೋರಿಯೊಳಗಿಡುವುದು. ಅಲ್ಲಿ ಎಲುಬು ಹೊರಬಂದರೆ ಮನೆಗೆ ಹಿರಿಯರು ಬಂದ ಹಾಗೆ. ಮನಿಲಾದಲ್ಲಿ ಎಲುಬು ಹೊರಬಂದರೆ ಮನೆಯವರು ಬಾಕಿ ಉಳಿಸಿಕೊಂಡರು ಅಂತ.

1521ರಲ್ಲಿ ಮೆಗಲನ್‌ನ ಹಡಗಿನಲ್ಲಿ ಬಂದ ಇಟಲಿಯ ಪಿಗಫೆಟ್ಟ ಸೆಬು ದ್ವೀಪದಲ್ಲಿ ಒಬ್ಬ ಪ್ರಮುಖನ ಸಾವಿನ ಮನೆಯನ್ನು ಕಂಡಂತೆ ಬರೆದಿಟ್ಟಿದ್ದಾನೆ. ಹೆಣ ಪೆಟ್ಟಿಗೆಯಲ್ಲಿ, ಮನೆಯ ನಡುವೆ. ಒಬ್ಬಳು ಚಾಕುವಿನಿಂದ ನಿಧಾನವಾಗಿ ಸತ್ತವನ ಕೂದಲು ಕತ್ತರಿಸುತ್ತಾಳೆ. ಹಿರಿಯ ಹೆಂಡತಿ ಅವನ ಮೇಲೆ ಬಾಯಿಗೆ ಬಾಯಿ, ಕೈಗೆ ಕೈ, ಕಾಲಿಗೆ ಕಾಲು ಸೇರಿಸಿ ಮಲಗಿರುತ್ತಾಳೆ. ಕೂದಲು ಕತ್ತರಿಸುವಾಗ ಅಳುತ್ತಾಳೆ, ಕತ್ತರಿಸುವುದು ನಿಂತಾಗ ಹಾಡುತ್ತಾಳೆ. ಪಿಂಗಾಣಿ ಪಾತ್ರೆಗಳಲ್ಲಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿಯಂಥ ಸುಗಂಧ. ಹೀಗೆ ಐದಾರು ದಿನ. ಇವತ್ತಿಗೂ ಫಿಲಿಪ್ಪೀನ್ಸಿನ ಮನೆಗಳಲ್ಲಿ ಹೆಣವನ್ನು ದಿನಗಟ್ಟಲೆ ಇಟ್ಟುಕೊಂಡು ಕೂರುವುದು ನೋಡಿದರೆ, ಕ್ರೈಸ್ತ ಜಪಮಾಲೆಯ ಕೆಳಗೆ ಆ ಹಳೆಯ ಐದಾರು ದಿನಗಳು ಉಸಿರಾಡುತ್ತಿವೆಯೇನೋ ಅನ್ನಿಸುತ್ತದೆ.

1565ರಲ್ಲಿ ಸ್ಪೇನಿನ ದಂಡನಾಯಕ ಲೆಗಾಸ್ಪಿ ಸೆಬುವಿನಲ್ಲಿ ನೆಲೆಯೂರಿದ, 1571ರಲ್ಲಿ ಮನಿಲಾ ಸ್ಪೇನಿನ ರಾಜಧಾನಿಯಾಯಿತು. ಆಮೇಲೆ ಪಾದ್ರಿಗಳು ಮಾಡಿದ ಮೊದಲ ದೊಡ್ಡ ಕೆಲಸ ಹೊಳೆದಂಡೆ, ಕಾಡಂಚು ಅಂತ ಚದುರಿ ಬಾಳುತ್ತಿದ್ದ ಜನರನ್ನು ಚರ್ಚಿನ ಸುತ್ತ ತಂದು ಕೂರಿಸಿದ್ದು. 'ಗಂಟೆಯ ಕೆಳಗೆ' ಎಂಬ ಮಾತೇ ಇತ್ತು. ಚರ್ಚಿನ ಗಂಟೆ ಕೇಳಿಸುವಷ್ಟು ದೂರದೊಳಗೆ ಬದುಕಬೇಕು. ಬದುಕಿದವರು ಗಂಟೆಯ ಕೆಳಗಿದ್ದರೆ ಸತ್ತವರೂ ಅಲ್ಲೇ ಇರಬೇಕಲ್ಲ? ಗುಹೆ, ಗಡಿಗೆ, ಮನೆಯಂಗಳ ಎಲ್ಲ ಬಿಟ್ಟು ಹೆಣ ಚರ್ಚಿನ ನೆಲದಡಿಗೋ ಚರ್ಚಿನ ಅಂಗಳಕ್ಕೋ ಬಂತು.

ಇದೇ ಬದಲಾವಣೆ ಸ್ಪೇನಿನ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲೂ ನಡೆಯುತ್ತಿತ್ತು. ಪೆರುವಿನಲ್ಲಿ ಬೆಟ್ಟದ ಜನ ರಾತ್ರಿ ಹೊತ್ತು ಚರ್ಚಿನಿಂದ ತಮ್ಮವರ ಹೆಣ ಕದ್ದೊಯ್ದು ಹಳೆಯ ಗುಹೆಗಳಲ್ಲಿ ಇಡುತ್ತಾರೆ ಎಂದು 1621ರಲ್ಲಿ ಜೆಸ್ವಿಟ್ ಪಾದ್ರಿ ಅರ್ರಿಯಾಗ ದೂರುತ್ತಾನೆ. ಏಕೆ ಅಂತ ಕೇಳಿದರೆ ಅವರು ಹೇಳುತ್ತಿದ್ದದ್ದು ಒಂದೇ ಪದ, 'ಕುಯಾಸ್ಪ'. ಅವರ ಮೇಲಿನ ಪ್ರೀತಿಗೆ, ಅಂತ. ಮೂರ್ತಿಪೂಜೆಯನ್ನು ಬುಡಸಮೇತ ಕೀಳಲು ಹೊರಟವನ ದಾಖಲೆಯಲ್ಲಿ ಈ ಪದ ಉಳಿದುಕೊಂಡಿರುವುದು ನನಗೆ ಯಾವಾಗಲೂ ಬೆರಗು.

ಚರ್ಚಿಗೆ ಬಂದ ಹೆಣಕ್ಕೆ ದರಪಟ್ಟಿ ಬಂತು. ಸ್ಪೇನಿನವರು ಇದನ್ನು 'ಅರಾನ್ಸೆಲ್' ಎನ್ನುತ್ತಿದ್ದರು: ಮದುವೆಗೆ ಇಷ್ಟು, ನಾಮಕರಣಕ್ಕೆ ಇಷ್ಟು, ಸಾವಿಗೆ ಇಷ್ಟು. ಸಾವಿನಲ್ಲೂ ದರ್ಜೆಗಳು. ಎಷ್ಟು ಪಾದ್ರಿಗಳು ಬರಬೇಕು, ಗಂಟೆ ಎಷ್ಟು ಹೊತ್ತು ಹೊಡೆಯಬೇಕು, ಮೇಣದಬತ್ತಿ ಎಷ್ಟು, ಹೆಣ ಪೂಜಾಪೀಠಕ್ಕೆ ಎಷ್ಟು ಹತ್ತಿರ ಮಲಗಬೇಕು, ಎಲ್ಲಕ್ಕೂ ಬೆಲೆ. ಮನಿಲಾದ ಆರ್ಚ್‌ಬಿಷಪ್ ಬಸಿಲಿಯೊ ಸಾಂಚೊ 1771ರಲ್ಲಿ ಒಂದು ದರಪಟ್ಟಿ ಹೊರಡಿಸಿದ. ಪಾದ್ರಿಗಳು ಮನಸ್ಸಿಗೆ ಬಂದಷ್ಟು ವಸೂಲು ಮಾಡಬಾರದು ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಪಟ್ಟಿ ಇದ್ದರೂ ಹೆಚ್ಚು ಕೀಳುತ್ತಾರೆ ಎಂಬ ದೂರು ಸ್ಪೇನಿನ ಆಳ್ವಿಕೆ ಮುಗಿಯುವವರೆಗೂ ನಿಲ್ಲಲಿಲ್ಲ. ನಮ್ಮಲ್ಲಿ 'ಹೆಣದ ಮೇಲಿನ ದುಡ್ಡು ಎತ್ತುವವರು' ಅಂತ ಬೈಗುಳವಿದೆ. ಅಲ್ಲಿ ಅದು ಬೈಗುಳವಾಗುವ ಮೊದಲೇ ದರಪಟ್ಟಿಯಾಗಿತ್ತು.

ಈ ಕಥೆಯಲ್ಲಿ ಗೋಡೆ ಬಂದದ್ದು ನಾತದಿಂದ. 1781ರಲ್ಲಿ ಸ್ಪೇನಿನ ಉತ್ತರ ಕರಾವಳಿಯ ಪಸಾಹೆಸ್ ಎಂಬ ಊರಲ್ಲಿ ಸಾಂಕ್ರಾಮಿಕ ಬಂದಾಗ, ಚರ್ಚಿನೊಳಗೆ ಹೂತ ಹೆಣಗಳಿಂದಲೇ ರೋಗ ಹಬ್ಬುತ್ತಿದೆ ಎಂಬ ಮಾತು ಎದ್ದಿತು. ರಾಜ ಮೂರನೇ ಕಾರ್ಲೊಸ್ 1787ರ ಏಪ್ರಿಲ್ 3ರಂದು ಆಜ್ಞೆ ಹೊರಡಿಸಿದ: ಹೆಣಗಳು ಚರ್ಚಿನಿಂದ ಹೊರಗೆ, ಊರಾಚೆಯ ಸ್ಮಶಾನಕ್ಕೆ ಹೋಗಬೇಕು. ಜನ ಒಪ್ಪಲಿಲ್ಲ. ದೇವರ ಪಕ್ಕದ ಜಾಗ ಬಿಟ್ಟು ಊರಾಚೆ ಮಲಗಲು ಯಾರಿಗೆ ಮನಸ್ಸು? 1808ರಲ್ಲಿ ಪೆರುವಿನ ಲಿಮಾ ನಗರದಲ್ಲಿ ಹೊಸ ಸ್ಮಶಾನ ತೆರೆದಾಗ ಮೊದಲಿಗರಾಗಲು ಯಾರೂ ಮುಂದೆ ಬರಲಿಲ್ಲವೆಂದು, ಮೂರು ವರ್ಷದ ಹಿಂದೆ ತೀರಿಕೊಂಡಿದ್ದ ಆರ್ಚ್‌ಬಿಷಪ್‌ನ ಹೆಣವನ್ನೇ ಅಗೆದು ತಂದು ಅಲ್ಲಿಟ್ಟರು. ದೊಡ್ಡವರು ಹೋದರೆ ಚಿಕ್ಕವರೂ ಹೋಗುತ್ತಾರೆ ಎಂಬ ಲೆಕ್ಕ.

ಮನಿಲಾದಲ್ಲಿ ಈ ಕೆಲಸಕ್ಕೆ ಆತುರ ತಂದದ್ದು 1820ರ ಕಾಲರಾ. ವಿದೇಶಿಯರು ನೀರಿಗೆ ವಿಷ ಹಾಕಿದರೆಂಬ ಪುಕಾರಿನಿಂದ ಆ ವರ್ಷ ಅಕ್ಟೋಬರಿನಲ್ಲಿ ಜನ ರೊಚ್ಚಿಗೆದ್ದು ಪರದೇಶದವರನ್ನೂ ಚೀನೀಯರನ್ನೂ ಕೊಂದರು. ಕೋಟೆಯೂರಿನ ಹೊರಗೆ ಪಾಕೋ ಎಂಬಲ್ಲಿ ಕಟ್ಟುತ್ತಿದ್ದ ಸ್ಮಶಾನ 1822ರಲ್ಲಿ ಅಧಿಕೃತವಾಗಿ ಆರಂಭವಾಯಿತು. ಪಾಕೋ ಇವತ್ತು ಚೆಂದದ ಉದ್ಯಾನ, ಜೋಡಿಗಳು ಮದುವೆಯಾಗಲು ಬರುವ ಜಾಗ. ದುಂಡಗಿನ ಕಲ್ಲುಗೋಡೆ, ಅದರೊಳಗೆ ಇನ್ನೊಂದು ದುಂಡು ಗೋಡೆ, ಗೋಡೆಯ ಮೈತುಂಬ ಕಮಾನಿನ ಗೂಡುಗಳು. ಗೋಡೆಗಳ ನೆತ್ತಿಯ ಮೇಲೆ ಓಡಾಡಲು ದಾರಿ. ಸ್ಪ್ಯಾನಿಷಿನಲ್ಲಿ ಗೂಡಿಗೆ 'ನಿಚೊ', ಅಲ್ಲಿನ ತಗಾಲೊಗ್ ಭಾಷೆಯವರ ಬಾಯಲ್ಲಿ ಅದು 'ನಿತ್ಸೊ' ಆಗಿ ಇವತ್ತಿಗೂ ಉಳಿದಿದೆ. ಮೊದಲು ಅಲ್ಲಿ ಜಾಗ ಸಿಗುತ್ತಿದ್ದದ್ದು ಉಳ್ಳವರಿಗೆ.

ಅವರಿಗೂ ಜಾಗ ಶಾಶ್ವತವಾಗಿರಲಿಲ್ಲ ಅನ್ನುವುದು ಗಮನಿಸಬೇಕಾದ ಸಂಗತಿ. ಗೂಡು ಅವಧಿಯ ಲೆಕ್ಕದಲ್ಲಿ ಬಾಡಿಗೆಗೆ. ಅವಧಿ ಮುಗಿದು ದುಡ್ಡು ಬಾರದಿದ್ದರೆ ಎಲುಬುಗಳನ್ನು ತೆಗೆದು ರಾಶಿಗೆ ಎಸೆಯುತ್ತಿದ್ದರು. 1898ರಲ್ಲಿ ಮನಿಲಾ ಹಿಡಿದ ಅಮೆರಿಕನ್ನರಿಗೆ ಇದು ಕಣ್ಣಿಗೆ ಹಬ್ಬವಾಯಿತು. ಬಾಡಿಗೆ ಕಟ್ಟದವರ ಬುರುಡೆಗಳು ಗುಡ್ಡೆ ಬಿದ್ದಿರುವ ಫೋಟೋಗಳನ್ನು ಅಚ್ಚು ಹಾಕಿಸಿ ತಮ್ಮ ದೇಶದಲ್ಲಿ ಮಾರಿದರು. ನೋಡಿ, ಸ್ಪೇನಿನವರು ಎಂಥ ಕಟುಕರು, ನಾವು ಬಂದದ್ದೇ ಒಳ್ಳೆಯದಾಯಿತು, ಎಂಬ ಧ್ವನಿ. ಅದೇ ಹೊತ್ತಿಗೆ ಅವರ ಸೈನ್ಯ ಅದೇ ದ್ವೀಪಗಳಲ್ಲಿ ಹೊಸ ಹೆಣಗಳನ್ನು ಬೀಳಿಸುತ್ತಿತ್ತು. ಆ ಫೋಟೋಗಳನ್ನು ನೋಡುವಾಗ ಎರಡನ್ನೂ ನೆನಪಿಡಬೇಕು: ಚಿತ್ರದಲ್ಲಿರುವುದು ಸುಳ್ಳಲ್ಲ, ತೆಗೆದವರ ಉದ್ದೇಶ ಶುದ್ಧವೂ ಅಲ್ಲ.

ಬಾಡಿಗೆಗಿಂತ ದೊಡ್ಡ ಅಸ್ತ್ರ ಪಾದ್ರಿಯ ಕೈಯಲ್ಲಿತ್ತು. ಯಾರಿಗೆ ಜಾಗ ಕೊಡಬೇಕು, ಯಾರಿಗೆ ಕೊಡಬಾರದು ಎನ್ನುವುದು. ಕ್ರೈಸ್ತರಾಗದ ಚೀನೀಯರಿಗೆ ಕ್ಯಾಥೊಲಿಕ್ ಸ್ಮಶಾನದಲ್ಲಿ ಪ್ರವೇಶವಿಲ್ಲ. ಅವರು ಬೇರೆ ಮಾಡಿಕೊಂಡರು. ಪಾಪನಿವೇದನೆ ಮಾಡದವರು, ಆತ್ಮಹತ್ಯೆ ಮಾಡಿಕೊಂಡವರು, ಪಾದ್ರಿಯ ಎದುರು ಮಾತಾಡಿದವರು ಹೊರಗೆ. ಫಿಲಿಪ್ಪೀನ್ಸಿನ ರಾಷ್ಟ್ರನಾಯಕ ಹೊಸೆ ರಿಸಾಲ್ 1887ರಲ್ಲಿ ಹೊರತಂದ 'ನೋಲಿ ಮೆ ತಾಂಗೆರೆ' ಕಾದಂಬರಿಯಲ್ಲಿ ನಾಯಕ ಯುರೋಪಿನಿಂದ ಮರಳಿ ತಂದೆಯ ಗೋರಿ ಹುಡುಕಿಕೊಂಡು ಹೋದರೆ ಗೋರಿಯೇ ಇಲ್ಲ. ಪಾದ್ರಿಯ ಅಪ್ಪಣೆಯಂತೆ ಹೆಣ ಅಗೆದು ಚೀನೀಯರ ಸ್ಮಶಾನಕ್ಕೆ ಒಯ್ಯಬೇಕಿತ್ತು, ಮಳೆ ಸುರಿಯುತ್ತಿತ್ತು, ಹೆಣ ಭಾರವಿತ್ತು, ಹೊತ್ತವನು ಕೆರೆಗೆ ಹಾಕಿಬಿಟ್ಟ. ಕಥೆಯಲ್ಲವೇ ಎಂದುಕೊಂಡರೆ, ಎರಡೇ ವರ್ಷದಲ್ಲಿ ಅದು ರಿಸಾಲ್ ಮನೆಗೇ ಬಂತು. 1889ರಲ್ಲಿ ಅವರ ಭಾವ ಮರಿಯಾನೊ ಎರ್ಬೊಸ ಕಾಲರಾದಲ್ಲಿ ತೀರಿಕೊಂಡಾಗ ಹುಟ್ಟೂರು ಕಲಾಂಬದ ಸ್ಮಶಾನದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಪಾಪನಿವೇದನೆ ಮಾಡಿರಲಿಲ್ಲ ಎಂಬುದು ಕೊಟ್ಟ ಕಾರಣ. ರಿಸಾಲ್ ಭಾವ ಎಂಬುದೇ ನಿಜವಾದ ಕಾರಣ ಎಂದು ರಿಸಾಲ್ ಪತ್ರಿಕೆಯಲ್ಲಿ ಬರೆದರು.

ಆಮೇಲೆ ಅವರದೇ ಸರದಿ. 1896ರ ಡಿಸೆಂಬರ್ 30ರ ಬೆಳಿಗ್ಗೆ ಬಾಗುಂಬಾಯಾನ್ ಮೈದಾನದಲ್ಲಿ ಸ್ಪೇನಿನ ಆಡಳಿತ ಅವರನ್ನು ಗುಂಡಿಟ್ಟು ಕೊಂದ ಮೇಲೆ ಹೆಣವನ್ನು ಮನೆಯವರಿಗೆ ಕೊಡಲಿಲ್ಲ, ಎಲ್ಲಿ ಹೂತರೆಂದೂ ಹೇಳಲಿಲ್ಲ. ಅಕ್ಕ ನಾರ್ಸಿಸ ಸ್ಮಶಾನದಿಂದ ಸ್ಮಶಾನಕ್ಕೆ ಅಲೆದು, ಪಾಕೋದಲ್ಲಿ ಆಗಷ್ಟೇ ಅಗೆದ ಮಣ್ಣು ಕಂಡು, ಕಾವಲುಗಾರನ ಕೈ ಬೆಚ್ಚಗೆ ಮಾಡಿ, ಒಂದು ಅಮೃತಶಿಲೆಯ ತುಂಡು ಇಡಿಸಿದರು. ಅದರ ಮೇಲೆ ಮೂರೇ ಅಕ್ಷರ: ಆರ್, ಪಿ, ಜೆ. ತಮ್ಮನ ಹೆಸರಿನ ಮೊದಲಕ್ಷರಗಳು, ಹಿಂದುಮುಂದಾಗಿ. ಪೆಟ್ಟಿಗೆಯೂ ಇಲ್ಲದೆ ಮಣ್ಣಿಗಿಟ್ಟಿದ್ದ ಎಲುಬುಗಳನ್ನು 1898ರ ಆಗಸ್ಟಿನಲ್ಲಿ ಹೊರತೆಗೆದರು. ನಾರ್ಸಿಸ ಅವನ್ನು ಹದಿನಾಲ್ಕು ವರ್ಷ ತಮ್ಮ ಮನೆಯಲ್ಲಿ ದಂತದ ಕರಂಡಕದಲ್ಲಿಟ್ಟುಕೊಂಡರು. 1912ರ ಡಿಸೆಂಬರ್ 30ರಂದು ಆ ಎಲುಬುಗಳು ಈಗಿನ ಸ್ಮಾರಕದ ಬುಡ ಸೇರಿದವು. ಅದೇ ವರ್ಷ ಪಾಕೋದಲ್ಲಿ ಹೂಳುವುದನ್ನು ನಿಲ್ಲಿಸಿದರು. ರಾಷ್ಟ್ರನಾಯಕನ ಎಲುಬೂ ಅಗೆದು ಸಾಗಿಸಿದ್ದೇ ಎಂಬುದು ಫಿಲಿಪ್ಪೀನ್ಸಿನ ಮಕ್ಕಳಿಗೆಲ್ಲ ಗೊತ್ತು.

ಅಮೆರಿಕನ್ನರು 1904ರಲ್ಲಿ ತೆರೆದ ಉತ್ತರ ಮನಿಲಾ ಸ್ಮಶಾನ 54 ಹೆಕ್ಟೇರಿನದು. ಅಲ್ಲಿ ರಾಷ್ಟ್ರಪತಿಗಳ ಗೋರಿಯಿದೆ, ದೇವಾಲಯದಂಥ ಸಮಾಧಿಗಳಿವೆ, ಅವುಗಳ ನೆರಳಲ್ಲಿ ಸಾವಿರಾರು ಜೀವಂತ ಜನರ ಸಂಸಾರವೂ ಇದೆ. ಗೋರಿಯ ಕಟ್ಟೆಯ ಮೇಲೆ ಹಾಸಿಗೆ, ಗೋರಿಗೆ ಒರಗಿಸಿದ ಟಿವಿ, ಎರಡು ಗೋರಿಗಳ ನಡುವೆ ಬಟ್ಟೆ ಒಣಗಿಸುವ ಹಗ್ಗ. ಅವರಲ್ಲೇ ಹಲವರು ಗೂಡು ಒಡೆಯುವವರು, ಮುಚ್ಚುವವರು, ಕಲ್ಲು ಕೆತ್ತುವವರು. ಆಡಳಿತ ಚರ್ಚಿನ ಕೈಯಿಂದ ನಗರಸಭೆಗೆ ಬಂತು. ಪಾಪಪುಣ್ಯದ ಪ್ರಶ್ನೆ ಹೋಯಿತು, ರಸೀದಿ ಉಳಿಯಿತು. 1975ರ ನೈರ್ಮಲ್ಯ ಕಾನೂನು ಸೋಂಕಿನ ಭಯವಿಲ್ಲದ ಸಾವಾದರೆ ಮೂರು ವರ್ಷದ ಮೇಲೆ, ಅಪಾಯದ ಸೋಂಕಾದರೆ ಐದು ವರ್ಷದ ಮೇಲೆ ಎಲುಬು ತೆಗೆಯಬಹುದು ಎನ್ನುತ್ತದೆ. ತೆಗೆಯಲೇಬೇಕು ಅಂತ ಅದು ಹೇಳುವುದಿಲ್ಲ. ಹೇಳುವುದು ಬಾಡಿಗೆಯ ಕರಾರು.

ಇಷ್ಟು ಹೇಳಿದರೆ ಫಿಲಿಪ್ಪೀನ್ಸಿನ ಸಾವು ಬರೀ ಲೆಕ್ಕಪತ್ರ ಅನ್ನಿಸಿಬಿಡಬಹುದು. ಹಾಗಲ್ಲ. ಗೋರಿಯ ಮೇಲೆ ತಮಗೆ ಹಿಡಿತವಿಲ್ಲದ ಜನ ಗೋರಿಗೆ ಮುಂಚಿನ ದಿನಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಅದಕ್ಕೆ 'ಲಾಮಾಯ್' ಎಂದು ಹೆಸರು. ಗಾಜಿನ ಮುಚ್ಚಳದ ಪೆಟ್ಟಿಗೆ ಮನೆಯಲ್ಲೋ ಬೀದಿಯ ಶಾಮಿಯಾನದಲ್ಲೋ ಇರುತ್ತದೆ. ಹಗಲೂ ರಾತ್ರಿ ಯಾರಾದರೂ ಎದ್ದಿರಬೇಕು. ಗಾಜಿನ ಮೇಲೆ ಕಣ್ಣೀರು ಬೀಳಬಾರದು, ಸತ್ತವರಿಗೆ ಹೊರಡಲು ಕಷ್ಟವಾಗುತ್ತದೆ. ಕಸ ಗುಡಿಸಬಾರದು. ನೋಡಲು ಬಂದವರು ನೇರ ಮನೆಗೆ ಹೋಗಬಾರದು. ದಾರಿಯಲ್ಲಿ ಎಲ್ಲಾದರೂ ಕುಳಿತು ಏನಾದರೂ ತಿಂದು ಹೋಗಬೇಕು, ಇಲ್ಲದಿದ್ದರೆ ಆತ್ಮ ಬೆನ್ನಿಗೆ ಬೀಳುತ್ತದೆ. ಇದಕ್ಕೆ 'ಪಗ್‌ಪಗ್', ಅಂದರೆ ಕೊಡವಿಕೊಳ್ಳುವುದು. ಒಂಬತ್ತು ದಿನದ ಪ್ರಾರ್ಥನೆ 'ಪಸಿಯಾಮ್'. ನಮ್ಮ ಕರಾವಳಿಯ ಕ್ರೈಸ್ತರಿಗೆ ನೊವೇನಾ ಗೊತ್ತಿರುವುದರಿಂದ ಇದರ ಪರಿಚಯ ಬೇಕಿಲ್ಲ. ನಲವತ್ತನೇ ದಿನ ಆತ್ಮ ಮೇಲಕ್ಕೆ ಹೋಗುತ್ತದೆ. ವರ್ಷ ತುಂಬಿದಾಗ ಶೋಕದ ಕಪ್ಪುಬಟ್ಟೆ ಬಿಚ್ಚಿಡುತ್ತಾರೆ.

ಲಾಮಾಯ್ ಮನೆಯ ಹೊರಗೆ ಒಂದು ಮೇಜಿರುತ್ತದೆ, ಮೇಜಿನ ಮೇಲೆ ಸ್ಪೇನಿನ ಚಿತ್ರಗಳ ಇಸ್ಪೀಟೆಲೆ. ಆಟದ ಹೆಸರು 'ಸಕ್ಲ'. ಜೂಜಿನ ದುಡ್ಡಿನಲ್ಲಿ ಒಂದು ಪಾಲು ಸಾವಿನ ಮನೆಗೆ. ಹೊರಗಿನವರಿಗೆ ಇದು ಅಸಹ್ಯವಾಗಿ ಕಾಣಬಹುದು, ಪೊಲೀಸರಿಗೆ ಅಪರಾಧವಾಗಿಯೂ ಕಾಣುತ್ತದೆ. ಆದರೆ ಶವಸಂಸ್ಕಾರದ ಅಂಗಡಿಯವನ ಬಿಲ್ಲು ಹತ್ತಾರು ಸಾವಿರ ಪೆಸೊ ಇರುವಾಗ, ಬಂದವರು ಕೊಡುವ 'ಅಬುಲೊಯ್' ಕಾಣಿಕೆಯೂ ಸಕ್ಲದ ಪಾಲೂ ಸೇರಿ ಆ ಮೊತ್ತವಾಗುವವರೆಗೆ ಹೆಣ ಮನೆಯಲ್ಲೇ ಇರುತ್ತದೆ. ಎಷ್ಟು ದಿನದ ಲಾಮಾಯ್ ಎಂಬುದನ್ನು ಬಡವರ ಮನೆಯಲ್ಲಿ ತೀರ್ಮಾನಿಸುವುದು ಶಾಸ್ತ್ರಕ್ಕಿಂತ ಸಾಲ.

2016ರ ನಂತರದ ಲಾಮಾಯ್‌ಗಳಲ್ಲಿ ಇನ್ನೊಂದು ದೃಶ್ಯ ಮತ್ತೆ ಮತ್ತೆ ಕಂಡಿತು. ಪೆಟ್ಟಿಗೆಯ ಗಾಜಿನ ಮೇಲೆ ಜೀವಂತ ಕೋಳಿಮರಿ. ಕೊಲೆಯಾದವರ ಪೆಟ್ಟಿಗೆಯ ಮೇಲೆ ಮಾತ್ರ ಇಡುವ ಹಳೆಯ ಪದ್ಧತಿಯಿದು. ಹಳದಿ ಮರಿ ಗಾಜಿನ ಮೇಲೆ ಚೆಲ್ಲಿದ ಅಕ್ಕಿಕಾಳನ್ನು ಟಕಟಕ ಕುಕ್ಕುತ್ತಿರುತ್ತದೆ, ಕೆಳಗೆ ಸತ್ತವನ ಮುಖ. ಮರಿ ಕುಕ್ಕಿದಷ್ಟೂ ಕೊಂದವನ ಮನಸ್ಸಾಕ್ಷಿಯನ್ನು ಕುಕ್ಕಲಿ ಎಂಬ ಆಸೆ. ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಡಲಾಗದ ಬೀದಿಯಲ್ಲಿ ಅದೊಂದೇ ಎಫ್‌ಐಆರ್.

ಪೊಲೀಸ್ ಕಾರ್ಯಾಚರಣೆಗಳಲ್ಲಿ ಸತ್ತವರು 6,252 ಮಂದಿ ಎಂಬುದು 2022ರ ಮೇ ಕೊನೆಯವರೆಗಿನ ಸರ್ಕಾರಿ ಲೆಕ್ಕ. ಮುಸುಕುಧಾರಿಗಳ ಕೈಯಲ್ಲಿ ಸತ್ತವರನ್ನೂ ಸೇರಿಸಿದರೆ 12 ಸಾವಿರದಿಂದ 30 ಸಾವಿರ ಎಂಬುದು ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಅಭಿಯೋಜಕರ ಅಂದಾಜು. ಆ ಮೊದಲ ತಿಂಗಳುಗಳಲ್ಲೇ, 2016ರ ನವೆಂಬರ್ 18ರಂದು, 1989ರಲ್ಲಿ ಹವಾಯಿಯಲ್ಲಿ ಸತ್ತಿದ್ದ ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್‌ಗೆ ವೀರರ ಸ್ಮಶಾನದಲ್ಲಿ ಜಾಗ ಸಿಕ್ಕಿತು, ಕುಶಾಲು ತೋಪಿನ ಸಮೇತ. ಆ ಹೆಣವನ್ನು ಕುಟುಂಬದ ಊರಾದ ಬಟಾಕಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಶೀತಲ ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಿದ್ದರು. ಅವನ ಗೋರಿಗೆ ಐದು ವರ್ಷದ ಗಡುವಿಲ್ಲ.

ಫಾದರ್ ವಿಲ್ಯಾನುಯೆವಾ ತೆಗೆಸಿದ ಎಲುಬುಗಳು ಹೋಗಿದ್ದು ಡಾ. ರಾಕೆಲ್ ಫೊರ್ತೂನ್ ಅವರ ಮೇಜಿಗೆ. ಇಡೀ ಫಿಲಿಪ್ಪೀನ್ಸಿನಲ್ಲಿ ವಿಧಿವಿಜ್ಞಾನದ ಶವಪರೀಕ್ಷೆಯಲ್ಲಿ ತರಬೇತಾದ ವೈದ್ಯರು ಆಗ ಇಬ್ಬರೇ, ಅವರಲ್ಲೊಬ್ಬರು ಈಕೆ. ಎಲುಬು ತೊಳೆದು, ಒಣಗಿಸಿ, ಮೇಜಿನ ಮೇಲೆ ಮನುಷ್ಯಾಕಾರಕ್ಕೆ ಜೋಡಿಸಿ, ತೂತುಗಳನ್ನೂ ಬಿರುಕುಗಳನ್ನೂ ಒಂದೊಂದಾಗಿ ಗುರುತು ಹಾಕುವ ಕೆಲಸ. 2022ರ ಏಪ್ರಿಲಿನಲ್ಲಿ ಅವರು ಬಹಿರಂಗಪಡಿಸಿದ ಪ್ರಕಾರ, ಆವರೆಗೆ ನೋಡಿದ 46 ಮಂದಿಯಲ್ಲಿ ಕನಿಷ್ಠ ಏಳು ಮಂದಿಯ ಮರಣಪತ್ರದಲ್ಲಿ ಸಹಜ ಕಾಯಿಲೆಯ ಹೆಸರಿತ್ತು. 2017ರ ಆಗಸ್ಟಿನಲ್ಲಿ ಮನಿಲಾ ಪಕ್ಕದ ಕಲೋಕಾನಿನಲ್ಲಿ ಪೊಲೀಸರ ಗುಂಡಿಗೆ ಸತ್ತ 17 ವರ್ಷದ ಕಿಯಾನ್ ದೆಲೊಸ್ ಸಾಂತೊಸ್ ಪ್ರಕರಣದಲ್ಲಿ ಮೂವರು ಪೊಲೀಸರಿಗೆ ಮರುವರ್ಷವೇ ಶಿಕ್ಷೆಯಾಗಿತ್ತು, ಎಲ್ಲ ಮುಗಿದಿತ್ತು. ಆ ಹುಡುಗನನ್ನು ಗೋರಿಯಿಂದ ತೆಗೆದು ಫೊರ್ತೂನ್ ಮತ್ತೆ ನೋಡಿದಾಗ, ಹಿಂದಿನ ಪರೀಕ್ಷೆಗಳಲ್ಲಿ ಕೈತಪ್ಪಿದ್ದ ಒಂದು ಗುಂಡು ಕತ್ತಿನ ಭಾಗದಲ್ಲಿ ಸಿಕ್ಕಿತು. ಇಡೀ ದೇಶ ಕಣ್ಣಿಟ್ಟಿದ್ದ ಸಾವಿನಲ್ಲೇ ಹೀಗಾದರೆ ಉಳಿದವರ ಕಥೆ ಏನು?

ಬಾಡಿಗೆ ಪದ್ಧತಿ ಇಲ್ಲಿ ಎರಡು ಕಡೆಗೂ ಕೊಯ್ಯಿತು. ಗಡುವು ಇಲ್ಲದಿದ್ದರೆ ಈ ಗೋರಿಗಳನ್ನು ಯಾರೂ ತೆರೆಯುತ್ತಿರಲಿಲ್ಲ. ತನಿಖೆಗಾಗಿ ಹೆಣ ಹೊರತೆಗೆಸಲು ಬಡ ತಾಯಿಗೆ ಕೋರ್ಟು, ವಕೀಲ, ಧೈರ್ಯ ಎಲ್ಲ ಬೇಕು; ಬಾಡಿಗೆ ಮುಗಿದಿದೆ ಎಂದು ಹೊರತೆಗೆಸಲು ನಗರಸಭೆಯೇ ಚೀಟಿ ಕೊಡುತ್ತದೆ. ಯಾವ ಪೊಲೀಸ್ ಠಾಣೆಗೂ ತಕರಾರು ಮಾಡಲು ಎಡೆಯಿಲ್ಲ. ಬಡವರನ್ನು ಗೋರಿಯಿಂದ ಎಬ್ಬಿಸಲೆಂದೇ ಇದ್ದ ನಿಯಮ ಅವರಿಗೆ ಸಾಕ್ಷಿ ಹೇಳುವ ಅವಕಾಶವನ್ನೂ ಕೊಟ್ಟಿತು. ಪರೀಕ್ಷೆ ಮುಗಿದ ಎಲುಬುಗಳನ್ನು ದಹಿಸಿ ಬೂದಿಯನ್ನು ಮನೆಯವರಿಗೆ ಕೊಡುತ್ತಿದ್ದರು. ಕ್ಯಾಥೊಲಿಕ್ ಚರ್ಚು ದಹನವನ್ನು ಒಪ್ಪಿದ್ದು 1963ರಲ್ಲಿ, ಬೂದಿಯನ್ನು ಪವಿತ್ರ ಜಾಗದಲ್ಲೇ ಇಡಬೇಕು ಎಂದು ಒತ್ತಿ ಹೇಳಿದ್ದು 2016ರಲ್ಲಿ. ಹಾಗಾಗಿ ಮತ್ತೆ ಗೂಡು ಬೇಕಾಯಿತು. 2024ರ ಮೇ ತಿಂಗಳಲ್ಲಿ ಕಲೋಕಾನಿನ ಲಾ ಲೊಮ ಸ್ಮಶಾನದೊಳಗೆ 'ದಂಬಾನ ನಂಗ್ ಪಗ್ಹಿಲೊಮ್' ತೆರೆಯಿತು. ಗಾಯ ಮಾಯುವ ಗುಡಿ ಎಂದರ್ಥ. ಸ್ಪೇನಿನ ಕಾಲದಲ್ಲೇ, 1884ರಲ್ಲಿ ಆರಂಭವಾದ ಸ್ಮಶಾನವದು.

ಮನಿಲಾದಲ್ಲಿ ಕೊಡುವ ಮ್ಯಾಗ್ಸೆಸೆ ಪ್ರಶಸ್ತಿ ಕನ್ನಡಿಗರಿಗೆ ಕೆ.ವಿ. ಸುಬ್ಬಣ್ಣ, ಹರೀಶ್ ಹಂದೆ, ಕೋಲಾರದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಂದ ಪರಿಚಿತ. 2025ರಲ್ಲಿ ಅದು ಸಂದವರಲ್ಲಿ ಒಬ್ಬರು ಫಾದರ್ ವಿಲ್ಯಾನುಯೆವಾ. ಅದೇ ವರ್ಷದ ಮಾರ್ಚ್ 11ರಂದು ದುತೆರ್ತೆ ಮನಿಲಾ ವಿಮಾನ ನಿಲ್ದಾಣದಲ್ಲಿ ಬಂಧನವಾಗಿ ಹೇಗ್ ನಗರದ ಆ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ವಶಕ್ಕೆ ಹೋದರು. ಆರೋಪ ಮಾನವತೆಯ ವಿರುದ್ಧದ ಅಪರಾಧ. ಅವರ ಕಡೆಯವರು ಅದನ್ನು ಒಪ್ಪುವುದಿಲ್ಲ. ಎಲುಬುಗಳು ಅಲ್ಲಿ ಎಷ್ಟು ತೂಗುತ್ತವೆ ಎಂಬುದು ನ್ಯಾಯಾಧೀಶರಿಗೆ ಬಿಟ್ಟದ್ದು. ಫಾದರ್ ಕೈಗೆ ಸಿಕ್ಕ ಎಲುಬುಗಳೂ ಸತ್ತವರ ಲೆಕ್ಕದ ಮುಂದೆ ಒಂದು ಹಿಡಿಯಷ್ಟೇ. ಉಳಿದ ಗೂಡುಗಳಿಗೆ ಯಾರೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಸುತ್ತಿಗೆಯವನು ಬಂದ, ಚೀಲ ತುಂಬಿತು. ಗುಂಡಿನ ತೂತಿರುವ ಬುರುಡೆಗಳು ನ್ಯುಮೋನಿಯದಲ್ಲೇ ಸತ್ತವರ ಬುರುಡೆಗಳ ಜತೆ ಬೆರೆತವು, ಗೂಡಿನ ಬಾಯಿಗೆ ಹೊಸ ಸಿಮೆಂಟಿನ ಮೇಲೆ ಬೇರೆ ಹೆಸರು ಬಂತು.